ಬೇಸ್ ಗಿಟಾರ್ ಬಾರಿಸೋರ ಅಂಚೆ: ಕೇಬಲ್ಲು, ಕರೆಂಟು, ಪೇಮೆಂಟು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಗಣಪತಿ ಸೀಸನ್ನಿಂದು. ಅದು ಮುಗೀತಿದ್ದಂಗೆ ರಾಜ್ಯೋತ್ಸವದ ಕಾರ್ಯಕ್ರಮ ಶುರು, ನವೆಂಬರ್ ಇಡೀ ನಿದ್ದೆ ಇರಲ್ಲ, ಹಂಗಾಗಿ ಉತ್ತರ ಈಗಲೇ ಬರೀತಿದೀನಿ.

ಪ್ರಶ್ನೆ: ಡಿಗ್ರಿ ಓದ್ತಾ ಇದೀನಿ, ನಮ್ಮೂರಿನ ಒಂದು ಆರ್ಕೆಸ್ಟ್ರಾದಲ್ಲಿ ಚಾನ್ಸ್ ಸಿಕ್ಕಿದೆ. ಕೈಯಲ್ಲಿ 30 ಸಾವಿರ ಇದೆ. ನಾಲ್ಕು ತಂತೀದು ತಗೊಳ್ಲಾ, ಐದು ತಂತೀದಾ? ಆಕ್ಟಿವ್ ಆದ್ರೆ ಸೌಂಡ್ ಚೆನ್ನಾಗಿರುತ್ತೆ ಅಂತಾರೆ, ನಿಜವಾ ಸರ್? (ದಾವಣಗೆರೆ)

ಮೊದಲು ಒಂದು ಮಾತು, 30 ಸಾವಿರನೂ ಗಿಟಾರಿಗೇ ಸುರೀಬೇಡಿ. ಮೂರರಲ್ಲಿ ಒಂದು ಪಾಲು ಪಕ್ಕಕ್ಕೆ ಎತ್ತಿಡಿ, ಅದರಲ್ಲಿ ಎರಡು ಒಳ್ಳೆ ಕೇಬಲ್ಲು, ಕ್ಲಿಪ್ ಟ್ಯೂನರ್ರು, ಹೆಗಲಿಗೆ ಹಾಕೋ ಅಗಲ ಪಟ್ಟಿ, ಒಂದು ಡಿಐ ಬಾಕ್ಸು (ಗಿಟಾರಿನ ಸಿಗ್ನಲ್ಲನ್ನ ನೇರ ಮಿಕ್ಸರಿಗೆ ಕೊಡೋ ಡಬ್ಬಿ), ಗಿಟಾರ್ ಸೆಟಪ್, ಅಂದ್ರೆ ತಂತಿ ಎತ್ತರ, ನೆಕ್ಕು ಎಲ್ಲ ಸರಿ ಮಾಡ್ಸೋ ಖರ್ಚು ಎಲ್ಲ ಬರ್ಬೇಕು. ಸೆಟಪ್ ಮಾಡ್ಸಿದ ಸಾಧಾರಣ ಗಿಟಾರ್ ಇದೆಯಲ್ಲ, ಅದು ಸೆಟಪ್ ಮಾಡ್ಸದೇ ಇರೋ ದುಬಾರಿ ಗಿಟಾರಿಗಿಂತ ಚೆನ್ನಾಗಿ ನುಡಿಯುತ್ತೆ, ಇದು ನಾನು ದುಡ್ಡು ಕಳ್ಕೊಂಡು ಕಲ್ತಿದ್ದು. ಯಮಹಾ, ಐಬನೇಜ್, ಕೋರ್ಟ್ ಈ ಮೂರರಲ್ಲಿ ಕೆಳಗಿನ ರೇಂಜಿಂದೋ ಸೆಕೆಂಡ್ ಹ್ಯಾಂಡೋ ನೋಡಿ, ಸಾಕು.

ನಾಲ್ಕು ತಂತಿ ತಗೊಳ್ಳಿ. ನಾಲ್ಕು ತಂತೀಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಇ, ಅದು 41 ಹರ್ಟ್ಸ್ (ಸೆಕೆಂಡಿಗೆ 41 ಕಂಪನ), ಐದನೇದು ಬಿ ತಂತಿ 31 ಹರ್ಟ್ಸ್. ಹಳ್ಳಿ ಕಡೆ ಪೆಂಡಾಲ್ ಪಕ್ಕ ನಿಲ್ಸೋ ಸ್ಪೀಕರ್‌ಗಳಲ್ಲಿ ಸುಮಾರು 50ರ ಕೆಳಗೆ ಬಂದ್ರೇನೇ ಉಸ್ಸಪ್ಪಾ ಅಂತಾವೆ, ನೀವು ಬಿ ಬಾರಿಸ್ತೀರ, ಜನಕ್ಕೆ ಗೊಳ ಗೊಳ ಅಂತ ಕೇಳುತ್ತೆ. ಸಿಂಗರ್ ಸ್ಕೇಲ್ ಇಳಿಸಿದ್ರೆ ಇ ತಂತೀನ ಡಿಗೆ ಇಳಿಸ್ಕೊಳಿ, ಮುಕ್ಕಾಲು ಪಾಲು ಹಾಡು ನಡೆಯುತ್ತೆ. ಆಮೇಲೆ ನಾಲ್ಕು ಕಾಸು ದುಡಿದ್ಮೇಲೆ ಐದು ತಂತೀದು ನೋಡೋಣ.

ಆಕ್ಟಿವ್ ಬಗ್ಗೆ: ಒಳಗೆ ಪ್ರೀಆಂಪ್ ಅನ್ನೋ ಪುಟ್ಟ ಸರ್ಕ್ಯೂಟ್ ಇರುತ್ತೆ, 9 ವೋಲ್ಟ್ ಬ್ಯಾಟರಿ ಬೇಕು, ಟ್ರೆಬಲ್ಲು, ಬೇಸು ಎರಡನ್ನೂ ಗಿಟಾರಲ್ಲೇ ಏರಿಸ್ಬಹುದು. ಚೆನ್ನಾಗೇ ಇರುತ್ತೆ. ಆದ್ರೆ ಕೇಬಲ್ ಚುಚ್ಚಿಟ್ಟಿದ್ರೆ ಬ್ಯಾಟರಿ ಓಡ್ತಾನೇ ಇರುತ್ತೆ, ಬಾರಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಒಂದ್ಸಲ ಅರಸೀಕೆರೆ ಹತ್ರ ಗಣಪತಿ ಕಾರ್ಯಕ್ರಮ, ನಾನು ಸಂಜೆ ಸೌಂಡ್ ಚೆಕ್ ಮುಗಿಸಿ ಕೇಬಲ್ ಕೀಳ್ದೆ ಊಟಕ್ಕೆ ಹೋದೆ, ಬ್ಯಾಟರಿ ಮೊದಲೇ ಹಳೇದು, ಮೂರನೇ ಹಾಡಿಗೆ ಪರ್ ಪರ್ ಅಂತ ಒಡೆದು ನಾಲ್ಕನೇ ಹಾಡಿಗೆ ಫುಲ್ ಸೈಲೆಂಟು. ಆ ಹೊತ್ನಲ್ಲಿ ಯಾವ ಅಂಗಡಿ? ಸೌಂಡ್‌ನೋರ ಹುಡುಗ ತನ್ನ ಮಲ್ಟಿಮೀಟರ್ ಹಿಂದೆ ತಿರುಗಿಸಿ, ಸ್ಕ್ರೂ ಬಿಚ್ಚಿ, ಅದರ ಬ್ಯಾಟರಿ ಕೊಟ್ಟ. ಅವತ್ತಿಂದ ಬ್ಯಾಗಲ್ಲಿ ಹೊಸ ಬ್ಯಾಟರಿ ಎರಡು ಇರ್ತಾವೆ. ಮೊದಲ ಗಿಟಾರ್ ಬ್ಯಾಟರಿ ಇಲ್ಲದ ಪ್ಯಾಸಿವ್ ಇರ್ಲಿ, ಈ ತಲೆನೋವೇ ಬೇಡ.

ಇನ್ನೊಂದು, ಪಿಕಪ್ (ತಂತಿಯ ಕಂಪನವನ್ನ ಸಿಗ್ನಲ್ ಮಾಡೋ ಕಾಯಿಲ್) ನೋಡ್ಕೊಳಿ. ಗಿಟಾರ್ ಕಂಪನಿ ಫೆಂಡರ್‌ನವರು 1951ರಲ್ಲಿ ಪ್ರಿಸಿಷನ್ ಬೇಸ್ ತಂದ್ರು, 1957ರಲ್ಲಿ ಅದರ ಪಿಕಪ್ಪನ್ನ ಎರಡು ತುಂಡು ಮಾಡಿದ್ರು, ಆ ಎರಡು ತುಂಡು ಒಂದರ ಹಮ್ಮನ್ನ (ಗುಂಯ್ ಅನ್ನೋ ಸದ್ದು) ಇನ್ನೊಂದು ಹೊಡೆದು ಹಾಕುತ್ತೆ. 1960ರ ಜಾಜ್ ಬೇಸಲ್ಲಿ ಎರಡು ಸಿಂಗಲ್ ಕಾಯಿಲ್, ಎರಡರ ವಾಲ್ಯೂಮೂ ಸಮ ಇಟ್ರೆ ತೆಪ್ಪಗಿರುತ್ತೆ, ಒಂದು ಇಳಿಸಿದ್ರೆ ಗುಂಯ್ ಅನ್ನುತ್ತೆ. ನಮ್ಮ ಸ್ಟೇಜಲ್ಲಿ ಸೀರಿಯಲ್ ಲೈಟು, ಡಿಮ್ಮರ್ರು ಎಲ್ಲ ಕಾಲಡೀಲೇ ಇರೋದ್ರಿಂದ ಆ ಎರಡು ತುಂಡಿನ ಪಿಕಪ್ ಇರೋದೇ ನನ್ನ ಓಟು.

ಪ್ರಶ್ನೆ: ಬೇಸ್ ಹಿಡ್ಕೊಂಡು ಮೈಕಿಗೆ ಬಾಯಿ ಹತ್ರ ತಂದ್ರೆ ತುಟಿಗೆ ಜುಂ ಅಂತ ಶಾಕ್ ಹೊಡೀತದೆ. ಸೌಂಡ್‌ನೋರು 'ಏನಾಗಲ್ಲ ಬಾರ್ಸು' ಅಂತಾರೆ. ಚಪ್ಲಿ ಹಾಕ್ಕೊಂಡು ನಿಂತ್ರೆ ಕಮ್ಮಿ ಆಯ್ತದೆ. (ಮಂಡ್ಯ ಕಡೆಯಿಂದ)

ಏನಾಗಲ್ಲ ಅಂದೋರಿಗೆ ಮೈಕ್ ಕೊಟ್ಟು ನಿಮ್ಮ ಗಿಟಾರ್ ಹಿಡ್ಕೊಳ್ಳೋಕೆ ಹೇಳಿ ನೋಡೋಣ. ತಮಾಷೆ ಅಲ್ಲ ಕಣ್ರೀ, ಇದರಲ್ಲಿ ಜೀವ ಹೋಗಿರೋ ಉದಾಹರಣೆ ಇದೆ.

ಆಗೋದೇನಂದ್ರೆ, ನಿಮ್ಮ ಗಿಟಾರಿನ ತಂತಿ ಬ್ರಿಡ್ಜ್ (ತಂತಿ ಕೂರೋ ಲೋಹದ ತುಂಡು) ಮೂಲಕ ಕೇಬಲ್ಲಿನ ಶೀಲ್ಡಿಗೆ, ಅಂದ್ರೆ ವೈರಿನ ಹೊರ ಜಾಲರಿಗೆ, ಅಲ್ಲಿಂದ ಆಂಪಿನ (ಆಂಪ್ಲಿಫೈಯರ್) ಲೋಹದ ಪೆಟ್ಟಿಗೆಗೆ ಸೇರಿರುತ್ತೆ. ಮೈಕಿನ ಜಾಲರಿ ಮಿಕ್ಸರಿನ ಲೋಹದ ಪೆಟ್ಟಿಗೆಗೆ ಸೇರಿರುತ್ತೆ. ಆಂಪಿಗೆ ಒಂದು ಕಡೆಯಿಂದ ಕರೆಂಟು, ಮಿಕ್ಸರಿಗೆ ಇನ್ನೊಂದು ಕಡೆಯಿಂದ, ನಡುವೆ ಅರ್ಥಿಂಗ್ ಎಲ್ಲೋ ತುಂಡಾಗಿದೆ, ಜನರೇಟರಿಗೆ ಅರ್ಥ್ ರಾಡೇ ಹೊಡೆದಿಲ್ಲ. ಆ ಎರಡರ ನಡುವೆ ಸೇತುವೆ ಯಾರು? ನೀವು. ಚಪ್ಪಲಿ ಹಾಕಿದ್ರೆ ಕಾಲಿಂದ ನೆಲಕ್ಕೆ ಹೋಗೋದು ಕಮ್ಮಿ ಆಗುತ್ತೆ ಅಷ್ಟೇ, ಕೈಯಿಂದ ತುಟಿಗೆ ಹೋಗೋದು ಹಂಗೇ ಇರುತ್ತೆ, ಅದು ಎದೆ ದಾಟ್ಕೊಂಡೇ ಹೋಗೋದು.

ಮಾಡ್ಬೇಕಾಗಿರೋದು: ಆಂಪು, ಮಿಕ್ಸರು, ಕೀಬೋರ್ಡು ಎಲ್ಲ ಒಂದೇ ಬೋರ್ಡಿಂದ, ಅರ್ಥ್ ಇರೋ ಮೂರು ಪಿನ್ನಿನ ಪಾಯಿಂಟಿಂದ ತಗೊಳ್ಳೋಕೆ ಹೇಳಿ. ಹಮ್ ಬರ್ತಿದೆ ಅಂತ ಯಾರಾದ್ರೂ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕಿದ್ರೆ ಅವರ ಕೈಯಿಂದ ಸ್ಕ್ರೂಡ್ರೈವರ್ ಇಸ್ಕೊಳ್ಳಿ, ಅದಕ್ಕೆ ಅಂತಾನೇ ಡಿಐ ಬಾಕ್ಸಲ್ಲಿ ಗ್ರೌಂಡ್ ಲಿಫ್ಟ್ ಅನ್ನೋ ಸ್ವಿಚ್ ಇರುತ್ತೆ, ಅದು ಬರೀ ಸಿಗ್ನಲ್ ಶೀಲ್ಡನ್ನ ಬಿಡಿಸುತ್ತೆ, ಕರೆಂಟಿನ ಅರ್ಥಿಗೆ ಕೈ ಹಾಕಲ್ಲ. ಬಾಯಿ ಹತ್ರ ತರೋ ಮುಂಚೆ ಮಲ್ಟಿಮೀಟರನ್ನ ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಮುಟ್ಸಿ. ಸೊನ್ನೆ ಹತ್ರ ಇದ್ರೆ ಸರಿ. 40, 60, 90 ಅಂತ ಹತ್ತಿದ್ರೆ ಗಿಟಾರ್ ಕೆಳಗಿಡಿ, ಕಮಿಟಿಯೋರು ಎಷ್ಟೇ ಕೂಗಾಡ್ಲಿ. ಸ್ಟೇಜಿನ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಕಟ್ ಆಗೋ ಸ್ವಿಚ್) ಇದ್ರೆ ಇನ್ನೂ ಒಳ್ಳೇದು, ಸೌಂಡ್‌ನೋರ ಹತ್ರ ಸ್ನೇಹ ಇದ್ರೆ ಹಾಕ್ಸಿ.

ಪ್ರಶ್ನೆ: ಮಳೆಗಾಲ ಬಂದ್ರೆ ನನ್ನ ಬೇಸಿನ ತಂತಿ ಎತ್ತರ ಆಗಿ ಬೆರಳು ಬೊಬ್ಬೆ ಬರ್ತದೆ, ಬೇಸಿಗೆಯಲ್ಲಿ ಸರಿ ಇರ್ತದೆ. ಗಿಟಾರ್ ಹಾಳಾಯ್ತಾ? (ಪುತ್ತೂರು)

ಹಾಳಾಗಿಲ್ಲ, ನಿಮ್ಮೂರ ಬಾಗಿಲು ಆಷಾಢದಲ್ಲಿ ಚೌಕಟ್ಟಿಗೆ ಸಿಕ್ಕೊಳ್ಳಲ್ವಾ, ಅದೇ ಕಥೆ. ಮರ ನೀರು ಕುಡಿಯುತ್ತೆ, ನಾಲ್ಕು ತಂತಿ ಸೇರಿ 70 ಕೆಜಿಗೂ ಮೇಲೆ ಎಳೀತಿರುತ್ತೆ, ನೆಕ್, ಅಂದ್ರೆ ಗಿಟಾರಿನ ಕುತ್ತಿಗೆ, ಮುಂದಕ್ಕೆ ಬಾಗುತ್ತೆ. ಒಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸಲಾಕೆ ಇದೆ, ಅದನ್ನ ಅಲೆನ್ ಕೀಯಿಂದ ತಿರುಗಿಸೋದು. ಮೊದಲನೇ ಫ್ರೆಟ್ಟು (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಮತ್ತೆ ನೆಕ್ ಗಿಟಾರಿನ ಒಡಲಿಗೆ ಸೇರೋ ಕಡೆಯ ಫ್ರೆಟ್ಟು ಎರಡೂ ಕಡೆ ತಂತಿ ಒತ್ತಿ ಹಿಡೀರಿ, ಏಳೆಂಟನೇ ಫ್ರೆಟ್ ಹತ್ರ ತಂತಿ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಕಾರ್ಡು ತಂತಿಗೆ ಸವರ್ಕೊಂಡು ಹೋದ್ರೆ ಸರಿ. ಕಾರ್ಡಿನ ಮೇಲೆ ಇನ್ನೂ ಜಾಗ ಇದ್ರೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಅಷ್ಟೇ, ಆಮೇಲೆ ಟ್ಯೂನ್ ಮಾಡಿ ಒಂದು ರಾತ್ರಿ ಬಿಡಿ. ಬಿಗಿ ಇದೆ ಅಂತ ಜೋರು ಮಾಡ್ಬೇಡಿ, ರಾಡ್ ಮುರಿದ್ರೆ ನೆಕ್ಕೇ ಹೊಸದು. ತಂತಿ ತುಕ್ಕಿಗೆ ಬಾರಿಸಿದ್ಮೇಲೆ ಹಳೇ ಬನಿಯನ್ ಬಟ್ಟೇಲಿ ಒರೆಸಿ, ಬ್ಯಾಗಲ್ಲಿ ಸಿಲಿಕಾ ಪೊಟ್ಟಣ ಇಡಿ. ತೀರಾ ಮಂಕಾದ ತಂತೀನ ಬಿಚ್ಚಿ ಹತ್ತು ನಿಮಿಷ ಕುದಿಸಿ ಒಣಗಿಸಿ ಹಾಕಿದ್ರೆ ಕೆಲವು ಕಾರ್ಯಕ್ರಮ ಸಾಗುತ್ತೆ. ಮನೇಲಿ ಸಾರಿನ ಪಾತ್ರೆ ತಗೋಬೇಡಿ, ಬೈಸ್ಕೋತೀರ.

ಪ್ರಶ್ನೆ: ವೀಕೆಂಡ್ ಪಬ್ಬಲ್ಲಿ ಬಾರಿಸ್ತೀನಿ. ಮನೇಲಿ 10 ವ್ಯಾಟಿನ ಲೀಡ್ ಗಿಟಾರ್ ಆಂಪ್ ಇದೆ, ಬೇಸಿಗೆ ಅದನ್ನೇ ಬಳಸ್ಬಹುದಾ? (ಬೆಂಗಳೂರು)

ಮನೇಲಿ ಮೆಲ್ಲಗೆ ಪ್ರಾಕ್ಟೀಸಿಗೆ ಆಗುತ್ತೆ, ಜೋರು ಮಾಡಿದ್ರೆ ಸ್ಪೀಕರ್ ಪೇಪರ್ ಹರಿಯುತ್ತೆ. ಪಬ್ಬಿಗೆ ಅದು ಬೇಡವೇ ಬೇಡ, ಡಿಐ ಬಾಕ್ಸ್ ಒಯ್ದು ನೇರ ಮಿಕ್ಸರಿಗೆ ಕೊಡಿ. ಡ್ರಮ್ ಪಕ್ಕ ಸ್ವಂತ ಆಂಪಿಂದಲೇ ಕೇಳಿಸ್ಬೇಕಂದ್ರೆ 200–300 ವ್ಯಾಟ್ ಬೇಕಾಗುತ್ತೆ, ಅದನ್ನ ಆಟೋದಲ್ಲಿ ಹಾಕ್ಕೊಂಡು ಸಿಲ್ಕ್ ಬೋರ್ಡ್ ದಾಟೋ ಶಕ್ತಿ ನನಗಂತೂ ಇಲ್ಲ. ಕೇಬಲ್ ರೆಡಿಮೇಡ್ ತಗೊಳ್ಳೋ ಬದಲು ಎಸ್‌ಪಿ ರೋಡಿಗೆ ಹೋಗಿ ಒಳ್ಳೆ ಜಾಕು, ಮೀಟರ್ ಲೆಕ್ಕದಲ್ಲಿ ವೈರು ತಗೊಂಡು ಬೆಸುಗೆ ಹಾಕ್ಕೊಳ್ಳಿ. ಗಿಟಾರ್ ವೈರನ್ನ ಆಂಪಿಂದ ಸ್ಪೀಕರಿಗೆ ಮಾತ್ರ ಹಾಕ್ಬೇಡಿ, ಬಿಸಿಯಾಗುತ್ತೆ.

ಪ್ರಶ್ನೆ: ನಮ್ಮ ಕೀಬೋರ್ಡ್ ಮಾಸ್ತರಂದು ಎಡಗೈ ಸುಮ್ಮನ ಇರಂಗಿಲ್ರಿ. ನಾ ಬಾರ್ಸೂದು ಅವರಿಗಿ ಕೇಳೂದ ಇಲ್ಲ. ಏನ್ ಮಾಡ್ಲಿ? (ಹುಬ್ಬಳ್ಳಿ)

ಪಾಪ, ಅವರದೂ ತಪ್ಪಲ್ರಿ. ಬೇಸಿನವರು ಸಿಗದೆ ವರ್ಷಗಟ್ಟಲೆ ಅವರೇ ಎಡಗೈಲಿ ಬೇಸ್ ಎಳೆದಿರ್ತಾರೆ. ಎಲ್ಲರ ಮುಂದೆ ಹೇಳ್ಬೇಡಿ, ಚಾ ಕುಡಿಯುವಾಗ 'ಸರ, ಪಲ್ಲವಿಗೆ ಎಡಗೈ ಬಿಟ್ಟು ನೋಡೋಣ್ರಿ' ಅನ್ನಿ. ಒಂದು ಹಾಡಿಗೆ ಬಿಟ್ಟು ಕೇಳಿದ್ರೆ ಕೆಸರು ಕೆಸರು ಅನ್ನೋ ಸೌಂಡು ತಿಳಿಯಾಗೋದು ಅವರಿಗೇ ಗೊತ್ತಾಗುತ್ತೆ. ನೀವೂ ಫಿಲ್ (ಹಾಡಿನ ಸಂದೀಲಿ ತೂರಿಸೋ ತುಣುಕು) ಹೊಡೆಯೋದು ಕಮ್ಮಿ ಮಾಡಿ.

ಪ್ರಶ್ನೆ: 'ಮುಗಿದ್ಮೇಲೆ ನೋಡೋಣ' ಅಂತ ಕರ್ಕೊಂಡು ಹೋಗಿ ಅರ್ಧ ದುಡ್ಡು ಕೊಟ್ಟು ಕಳಿಸ್ತಾರೆ. ಕೇಳೋಕೆ ಮುಜುಗರ. (ತುಮಕೂರು)

ಫೋನಲ್ಲಿ ಮಾತಾಡಿದ್ದನ್ನೇ ವಾಟ್ಸಾಪಲ್ಲಿ ಒಂದ್ಸಲ ಬರೆದು ಕಳಿಸಿ: 'ಅಣ್ಣ, ಶನಿವಾರ, ಸಂಜೆ ಏಳರಿಂದ ಹತ್ತು, ಇಷ್ಟು ದುಡ್ಡು, ಬಸ್ ಚಾರ್ಜು ಬೇರೆ, ಊಟ ನಿಮ್ದೇ, ಅಡ್ವಾನ್ಸ್ ಅರ್ಧ.' ಅವರು 'ಓಕೆ' ಅಂದ್ರೆ ಅದೇ ಅಗ್ರಿಮೆಂಟು. ಟೈಮ್ ಬರೆಯೋದು ಮರೀಬೇಡಿ, ಯಾಕಂದ್ರೆ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಲೌಡ್‌ಸ್ಪೀಕರ್ ಹಾಕಂಗಿಲ್ಲ, ಹಬ್ಬ ಹರಿದಿನಕ್ಕೆ ಅಂತ ಸರ್ಕಾರ ವರ್ಷದಲ್ಲಿ 15 ದಿನದವರೆಗೆ ಹನ್ನೆರಡರ ತನಕ ಸಡಿಲ ಮಾಡ್ಬಹುದು. ಪೊಲೀಸ್ನೋರು ಬಂದು ಹತ್ತಕ್ಕೆ ನಿಲ್ಲಿಸಿದ್ರೆ ಕಮಿಟಿಯೋರು 'ಅರ್ಧ ಕಾರ್ಯಕ್ರಮ ತಾನೇ ಆಗಿದ್ದು' ಅಂತ ದುಡ್ಡು ಮುರ್ಕೊಳ್ಳೋದು ಇಲ್ಲೇ. ಶುರುವಾಗಿದ್ದೇ ಒಂಬತ್ತೂವರೆಗೆ ಅನ್ನೋದು ಅವರಿಗೆ ಆಗ ನೆನಪಿರಲ್ಲ, ಭಾಷಣ ಮಾಡಿದೋರು ನಾವಾ?

ಪ್ರಶ್ನೆ: ನನ್ನ ಮಗ ಬೇಸ್ ಗಿಟಾರ್ ಬಾರಿಸ್ತಾನೆ. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ ಕಿವೀಲಿ ಕುಂಯ್ ಅನ್ನುತ್ತೆ ಅಂತಾನೆ, ಟೀವಿ ಜೋರು ಇಡ್ತಾನೆ. ಇದು ಸಹಜಾನಾ? (ಹಾಸನದಿಂದ ಒಬ್ಬ ತಾಯಿ)

ಅಮ್ಮಾ, ಸಹಜ ಅಲ್ಲ. 85 ಡೆಸಿಬಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಕಿವಿ ಕೊಡ್ಬಹುದು ಅಂತ ಒಂದು ಲೆಕ್ಕ ಇದೆ, ಅದರ ಮೇಲೆ ಪ್ರತಿ ಮೂರು ಡೆಸಿಬಲ್ಲಿಗೆ ಟೈಮು ಅರ್ಧ ಆಗ್ತಾ ಹೋಗುತ್ತೆ, 88ಕ್ಕೆ ನಾಲ್ಕು ಗಂಟೆ, ಹಂಗೇ ಹೋಗಿ 100ಕ್ಕೆ ಬರೀ 15 ನಿಮಿಷ. ಡ್ರಮ್ಮಿನ ಪಕ್ಕ ಮೂರು ಗಂಟೆ ನಿಂತ್ರೆ ಏನಾಗುತ್ತೆ ನೀವೇ ಲೆಕ್ಕ ಹಾಕಿ. ನಿಮ್ಮ ಮಗ ನಿಲ್ಲೋದು ಸಾಮಾನ್ಯವಾಗಿ ಹೈಹ್ಯಾಟ್ ಕಡೆ, ಎರಡು ಹೆಜ್ಜೆ ಹಿಂದಕ್ಕೆ ಸರಿದ್ರೂ ವ್ಯತ್ಯಾಸ ಆಗುತ್ತೆ. ಮೆಡಿಕಲ್ ಶಾಪಿನ ಫೋಮ್ ಬಿರಡೆ ಹಾಕಿದ್ರೆ ಕಿವಿ ಉಳಿಯುತ್ತೆ ಆದ್ರೆ ಟ್ರೆಬಲ್ ಎಲ್ಲ ತಿಂದುಹಾಕುತ್ತೆ, ಅವನು 'ಏನೂ ಕೇಳಲ್ಲಮ್ಮಾ' ಅಂತ ಕಿತ್ತೆಸೀತಾನೆ, ಅದಕ್ಕೆ ಮ್ಯೂಸಿಷಿಯನ್‌ಗಳಿಗೆ ಅಂತಾನೇ ಬರೋ ಫಿಲ್ಟರ್ ಇರೋ ಬಿರಡೆ ಆನ್‌ಲೈನಲ್ಲಿ ಸಿಗುತ್ತೆ, ತರಿಸ್ಕೊಡಿ. ಕುಂಯ್ ಅನ್ನೋದು ಮಾರನೇ ದಿನಾನೂ ನಿಲ್ಲದೆ ಇದ್ರೆ ಇಎನ್‌ಟಿ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಆಡಿಯೊಮೆಟ್ರಿ ಟೆಸ್ಟ್ ಮಾಡ್ಸಿ, ನೋವೇನೂ ಇರಲ್ಲ, ಹೆಡ್‌ಫೋನ್ ಹಾಕಿ ಬೀಪ್ ಕೇಳ್ಸಿದಾಗ ಬಟನ್ ಒತ್ತೋದು ಅಷ್ಟೇ. ನಾನು ಹೋಗಿದ್ದು ಹನ್ನೆರಡು ವರ್ಷ ಬಾರಿಸಿದ್ಮೇಲೆ. ಟೆಸ್ಟಿನ ಗ್ರಾಫಲ್ಲಿ ಎಡಗಿವಿ ಗೆರೆ ಕೆಳಗಿಳಿದಿತ್ತು, ಅಂದ್ರೆ ಕೇಳೋದು ಕಮ್ಮಿ ಆಗಿತ್ತು, ಡ್ರಮ್ ಇರ್ತಿದ್ದಿದ್ದೂ ಅದೇ ಕಡೆ.