ಆ ಖರ್ಚು ನೌಕರಿಯದ್ದಲ್ಲ

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರದು ಕಿರಾಣಿ ಅಂಗಡಿ. 24 ವರ್ಷದ ಮಗಳಿಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಅಂದರೆ ಸ್ನಾಯುಗಳ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ. ಎತ್ತಿ ಕೂರಿಸಬೇಕು, ಉಣಿಸಬೇಕು, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸಬೇಕು. ಅವಳು ಎಂ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ ಗಿಟ್ಟಿಸಿದ್ದಾಳೆ. ಸಂಬಳ 32,000 ರೂಪಾಯಿ. "ಆ ದುಡ್ಡೆಲ್ಲ ನೋಡಿಕೊಳ್ಳುವವರಿಗೇ ಹೋಗುತ್ತದೆ. ಹಾಗಾದರೆ ದುಡಿಯೋದು ಯಾಕೆ? ಸುಮ್ನೆ ಮನೆಯಲ್ಲಿ ನೆಮ್ಮದಿಯಾಗಿರು ಅಂದೆ. ಮಗಳು ಮಾತು ಬಿಟ್ಟಿದ್ದಾಳೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ?" ಎಂದು ಕೇಳಿದ್ದಾರೆ.

ನಿಮ್ಮ ಭಯ ಅರ್ಥವಾಗುತ್ತದೆ, ಸ್ವಾಮಿ. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದವರ ಕೈಗೆ ಮಗಳನ್ನು ಒಪ್ಪಿಸುವುದು ಯಾವ ಅಪ್ಪನಿಗೂ ಸುಲಭವಲ್ಲ. ಆದರೆ ನಿಮ್ಮ ಲೆಕ್ಕ ತಪ್ಪು.

ನೀವು ವ್ಯಾಪಾರಸ್ಥರು. ಮಗಳು ನೌಕರಿಗೆ ಹೋದರೆ ಆರೈಕೆಗೆ ಎಷ್ಟು ಎಂದು ಬರೆದಿದ್ದೀರಿ. ಹೋಗದಿದ್ದರೆ ಎಷ್ಟು ಎಂದು ಬರೆದಿಲ್ಲ. ಮನೆಯಲ್ಲಿದ್ದರೂ ಅವಳನ್ನು ಎತ್ತಬೇಕು, ಸ್ನಾನ ಮಾಡಿಸಬೇಕು, ರಾತ್ರಿ ಹೊರಳಿಸಬೇಕು. ಆ ಕೆಲಸವನ್ನು ಇಷ್ಟು ವರ್ಷ ನಿಮ್ಮ ಮನೆಯವರು, ಅಂದರೆ ಅವಳ ಅಮ್ಮ, ಸಂಬಳವಿಲ್ಲದೆ, ಒಂದು ದಿನ ರಜೆಯಿಲ್ಲದೆ ಮಾಡಿದ್ದಾರೆ. ಪತ್ರದ ಕೊನೆಯಲ್ಲಿ "ಅವಳಿಗೂ ಈಚೆಗೆ ಸೊಂಟನೋವು ಜಾಸ್ತಿ" ಎಂದು ಒಂದೇ ಸಾಲು ಬರೆದು ಮುಗಿಸಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ಆರೈಕೆಯ ಖರ್ಚು ನೌಕರಿಯಿಂದ ಹುಟ್ಟಿದ್ದಲ್ಲ. ಅದು ಮಗಳು ಬದುಕುವುದಕ್ಕೇ ಬೇಕಾದ ಖರ್ಚು. ನೌಕರಿ ಇದ್ದರೆ ಅದನ್ನು ಕೊಡಲು ಅವಳ ಕೈಯಲ್ಲಿ 32,000 ಇರುತ್ತದೆ. ಇಲ್ಲದಿದ್ದರೆ ಅಮ್ಮನ ಸೊಂಟವೊಂದೇ ಗತಿ.

ಹುಬ್ಬಳ್ಳಿಯಲ್ಲಿ ನಮ್ಮ ಪತ್ರಿಕೆಗೆ ಅನುವಾದ ಮಾಡಿಕೊಡುವ ಗೆಳೆಯರೊಬ್ಬರಿದ್ದಾರೆ. ಬೈಕ್ ಅಪಘಾತದಲ್ಲಿ ಕತ್ತಿನ ಮೂಳೆ ಮುರಿದು ಭುಜದ ಕೆಳಗೆ ಸ್ವಾಧೀನವಿಲ್ಲ. ಅವರ ಮನೆಯಲ್ಲಿ ಉಳಿದಿದ್ದಾಗ ಬೆಳಗಿನ ಕೆಲಸವನ್ನು ಹತ್ತಿರದಿಂದ ನೋಡಿದೆ. ಅಟೆಂಡರ್ ಹುಡುಗ ಐದೂವರೆಗೆ ಬರುತ್ತಾನೆ. ಮೂತ್ರದ ಚೀಲ ಖಾಲಿ ಮಾಡುತ್ತಾನೆ. ಮಗ್ಗುಲಿಗೆ ಹೊರಳಿಸಿ ಸೊಂಟ, ಹಿಮ್ಮಡಿ ಎಲ್ಲಾದರೂ ಕೆಂಪಾಗಿದೆಯಾ ಎಂದು ಟಾರ್ಚ್ ಹಿಡಿದು ನೋಡುತ್ತಾನೆ. ಕೆಂಪಾದರೆ ಹಾಸಿಗೆ ಹುಣ್ಣಿನ ಭಯ. ಹುಣ್ಣಾದರೆ ತಿಂಗಳುಗಟ್ಟಲೆ ಕೆಲಸ ಬಂದ್. ಶೌಚ, ಸ್ನಾನ, ಬಟ್ಟೆ, ಆಮೇಲೆ ವೀಲ್‌ಚೇರ್. ಅಂಗಿಯ ಬೆನ್ನಿನ ಸುಕ್ಕನ್ನು ಅವನು ಎರಡು ಸಲ ಎಳೆದು ಸರಿ ಮಾಡಿದ. ಒಂದು ಮಡಿಕೆ ಉಳಿದರೂ ಸಂಜೆ ಹೊತ್ತಿಗೆ ಚರ್ಮ ಸುಲಿಯಬಹುದಂತೆ. ಒಂಬತ್ತಕ್ಕೆ ಗೆಳೆಯರು ಕಂಪ್ಯೂಟರ್ ಮುಂದೆ ಇದ್ದರು. ಬಾಯಲ್ಲಿ ಹೇಳುತ್ತಾರೆ, ಅದು ಅಕ್ಷರವಾಗುತ್ತದೆ. ಆ ಹುಡುಗ ಊರ ಜಾತ್ರೆಗೆ ಹೋದ ವಾರ ಅವರಿಂದ ಒಂದು ಪುಟವೂ ಬರಲಿಲ್ಲ. ಬುದ್ಧಿ, ಕಸುಬು ಎಲ್ಲ ಹಾಗೇ ಇತ್ತು. ಎಬ್ಬಿಸಿ ಕೂರಿಸುವವರು ಇರಲಿಲ್ಲ.

ವೀಲ್‌ಚೇರ್‌ನಲ್ಲೇ ಬದುಕಿದ ಬ್ರಿಟನ್ನಿನ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೆಸರು ನಿಮ್ಮ ಪತ್ರದಲ್ಲೂ ಇದೆ. "ಅಂಥವರು ಕೋಟಿಗೊಬ್ಬರು" ಎಂದಿದ್ದೀರಿ. 1985ರಲ್ಲಿ ನ್ಯುಮೋನಿಯಾ ಬಂದು ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು, ಮಾತು ಹೋಯಿತು. ಹಗಲೂ ರಾತ್ರಿ ನರ್ಸ್ ಬೇಕಾಯಿತು. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ನರ್ಸಿಂಗ್ ಹೋಮ್‌ಗೆ ಸೇರಿಸುವುದಾದರೆ ದುಡ್ಡು ಕೊಡಲು ತಯಾರಿತ್ತು. ಹೆಂಡತಿ ಜೇನ್ ಒಪ್ಪಲಿಲ್ಲ, ಮನೆಯಲ್ಲೇ ಇರಲಿ ಎಂದು ಹಟ ಹಿಡಿದರು. ಕೊನೆಗೆ ಅಮೆರಿಕದ ಪ್ರತಿಷ್ಠಾನವೊಂದು ಆ ಖರ್ಚು ಹೊತ್ತುಕೊಂಡಿತು. ಜಗತ್ತೆಲ್ಲ ಓದಿದ ಅವರ ಪುಸ್ತಕ ಬಂದಿದ್ದು 1988ರಲ್ಲಿ. ನಾವು ಅವರ ಪ್ರತಿಭೆಯನ್ನು ಕೊಂಡಾಡುತ್ತೇವೆ, ಆ ಮೂರು ಪಾಳಿಯ ನರ್ಸ್‌ಗಳ ಮಾತೇ ಎತ್ತುವುದಿಲ್ಲ.

ಇನ್ನೊಬ್ಬರ ಕಥೆಯನ್ನು ಮಗಳಿಗೂ ಓದಿ ಹೇಳಿ. ಅಮೆರಿಕದ ಎಡ್ ರಾಬರ್ಟ್ಸ್. 14ನೇ ವಯಸ್ಸಿಗೆ ಪೋಲಿಯೋ ಬಂದು ಕತ್ತಿನ ಕೆಳಗೆ ಚಲನೆ ಹೋಯಿತು. ರಾತ್ರಿ ಉಸಿರಾಟದ ದೊಡ್ಡ ಯಂತ್ರದೊಳಗೆ ಮಲಗಬೇಕಿತ್ತು. ಇವರು ಎಂದೂ ಕೆಲಸ ಮಾಡಲಾರರು ಎಂದು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಮೊದಲು ಓದಿಗೆ ನೆರವು ಕೊಡಲೇ ಇಲ್ಲ. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಆಸ್ಪತ್ರೆಯ ಕೋಣೆಯೇ ಹಾಸ್ಟೆಲ್ ಆಯಿತು. 1975ರಲ್ಲಿ ಅದೇ ಇಲಾಖೆಗೆ ಅವರೇ ನಿರ್ದೇಶಕರಾದರು.

ಅದೆಲ್ಲ ಹೊರದೇಶದ ಮಾತು ಎನ್ನುತ್ತೀರಿ, ಅಲ್ವಾ? ನಮ್ಮಲ್ಲೂ ಕಾನೂನಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಬೇಕೆಂದಿದೆ. ಜೊತೆಗೆ "ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ" ಎಂಬ ಮಾತೂ ಇದೆ. ನನ್ನ ಸಿಟ್ಟೆಲ್ಲ ಆ ಮಾತಿನ ಮೇಲೆ. ಯಾಕೆಂದರೆ ಆರೈಕೆಗೆ ಬೆಲೆ ಕಟ್ಟುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ. ಸೇವೆಯಲ್ಲಿ ಪೂರ್ತಿ ಅಂಗವಿಕಲರಾದ ಸೈನಿಕರಿಗೆ ಸದಾ ಜೊತೆಗಿರುವ ಸಹಾಯಕರಿಗಾಗಿ ಪಿಂಚಣಿಯ ಜೊತೆ ಬೇರೆ ಭತ್ಯೆ ಉಂಟು. 7ನೇ ವೇತನ ಆಯೋಗದ ನಂತರ ಅದು ತಿಂಗಳಿಗೆ 6,750 ರೂಪಾಯಿ ಆಯಿತು. 2020ರಲ್ಲಿ ಸುಪ್ರೀಂ ಕೋರ್ಟ್, ರಸ್ತೆ ಅಪಘಾತದಿಂದ ಹಾಸಿಗೆ ಹಿಡಿದ ಹುಡುಗಿಗೆ ಪರಿಹಾರ ಕೊಡುವಾಗ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕೇ ಬೇಕು ಎಂದು ಲೆಕ್ಕ ಹಾಕಿತು. ಆ ಒಂದು ಬಾಬ್ತಿಗೇ 21,60,000 ರೂಪಾಯಿ ಕೊಡಿಸಿತು. ನಮ್ಮ ರಾಜ್ಯ 2024ರ ಬಜೆಟ್‌ನಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಕೆಲವು ಕಾಯಿಲೆಯವರ ಆರೈಕೆದಾರರಿಗೆ ಘೋಷಿಸಿದ್ದು ತಿಂಗಳಿಗೆ 1,000. ಮನೆಯಲ್ಲೇ ಇರುವ ಅಟೆಂಡರ್‌ಗೆ ಬೆಂಗಳೂರಿನ ಏಜೆನ್ಸಿಗಳು 25,000ಕ್ಕಿಂತ ಕಡಿಮೆ ಹೇಳುವುದೇ ಅಪರೂಪ. ಲಾರಿ ಗುದ್ದಿದರೆ ಒಂದು ನ್ಯಾಯ, ಹುಟ್ಟಿನಿಂದ ಬಂದರೆ ಇನ್ನೊಂದು ನ್ಯಾಯವಾ?

ಪ್ರತಿ ವರ್ಷ ಅಮ್ಮಂದಿರ ದಿನಕ್ಕೆ ನಮಗೆ ರಾಶಿ ಲೇಖನ ಬರುತ್ತವೆ. ಅಂಗವಿಕಲ ಮಗುವಿನ ತಾಯಿ ತ್ಯಾಗಮಯಿ, ದೇವತೆ. ಅವನ್ನು ಹಾಕುವುದನ್ನು ನಿಲ್ಲಿಸಿದ್ದೇನೆ. ದೇವತೆ ಎಂದು ಕೈಮುಗಿದರೆ ಅವಳಿಗೆ ಸಂಬಳ ಕೊಡಬೇಕಾಗಿಲ್ಲ, ರಜೆ ಕೊಡಬೇಕಾಗಿಲ್ಲ, ಬದಲಿಗೆ ಒಬ್ಬರನ್ನು ಹುಡುಕಬೇಕಾಗಿಲ್ಲ. ಅಟೆಂಡರ್ ಕೆಲಸಕ್ಕೆ ಬರುವ ಹೆಣ್ಣುಮಕ್ಕಳದೂ ಅದೇ ಪಾಡು. ತರಬೇತಿ ಇಲ್ಲ, ವಾರದ ರಜೆ ಇಲ್ಲ, ಸಂಬಳದಲ್ಲಿ ಏಜೆನ್ಸಿಯ ಕಮಿಷನ್ ಬೇರೆ. ಮತ್ತೆ ಒಳ್ಳೆಯವರು ಸಿಗುವುದೇ ಇಲ್ಲ ಎಂದು ನಾವು ಗೊಣಗುತ್ತೇವೆ.

ಈಗ ಮಾಡಬೇಕಾದ್ದು ಇಷ್ಟು. ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ ಇಟ್ಟುಕೊಂಡು, ಹೆಚ್ಚಿನ ನೆರವು ಬೇಕೆಂದು ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಅರ್ಜಿ ಕೊಡಿ. ಕೈಗೆ ಸ್ವೀಕೃತಿ ತೆಗೆದುಕೊಳ್ಳಿ. ಮೊದಲ ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಬಿಡುತ್ತೀರಾ ಎಂದು ಮಗಳು ಕಂಪನಿಯನ್ನು ಬರವಣಿಗೆಯಲ್ಲಿ ಕೇಳಲಿ. ಅಟೆಂಡರ್‌ನನ್ನು ಬೆಂಗಳೂರಿಗೆ ಹೋದ ಮೇಲೆ ಹುಡುಕಬೇಡಿ. ದಾವಣಗೆರೆಯಲ್ಲೇ ಈಗ ಗೊತ್ತು ಮಾಡಿ. ಎತ್ತುವುದು, ಹೊರಳಿಸುವುದನ್ನು ನಿಮ್ಮ ಮನೆಯವರು ಕಲಿಸಿಕೊಡಲಿ. ತನಗೆ ಏನು ಬೇಕು, ಹೇಗೆ ಬೇಕು ಎಂದು ಹೇಳಿ ಮಾಡಿಸಿಕೊಳ್ಳುವುದು ಮಗಳಿಗೂ ರೂಢಿಯಾಗಲಿ. ನೀವಿಬ್ಬರೂ ಇಲ್ಲದ ಕಾಲಕ್ಕೆ ಅವಳಿಗೆ ಬೇಕಾಗುವ ವಿದ್ಯೆ ಅದು. ಕಂಪನಿಗೆ ಉತ್ತರ ಕೊಡಲು ಮುಂದಿನ ತಿಂಗಳ ಮೊದಲ ವಾರದವರೆಗೆ ಸಮಯವಿದೆ ಎಂದಿದ್ದೀರಿ. ಅವಳಾಗಿಯೇ ಮಾತಾಡಲಿ ಎಂದು ಕಾಯಬೇಡಿ. ಇವತ್ತು ಅಂಗಡಿ ಬಾಗಿಲು ಹಾಕಿ ಹೋದವರೇ ನೀವೇ ಮಾತಾಡಿಸಿ.