‘ನಿಜಕ್ಕೂ ಯಾರು?’ ಎಂದು ಕೇಳುವವರಿಗೆ

ಪ್ರಶ್ನೆ: ರೊಮೇನಿಯಾದ ಅಧ್ಯಕ್ಷರಾಗಿದ್ದ ಕ್ಲಾಸ್ ಯೊಹಾನಿಸ್ ನಿಜಕ್ಕೂ ಜರ್ಮನ್ನರೋ ರೊಮೇನಿಯನ್ನರೋ? ಅವರ ನಿಷ್ಠೆ ಯಾವ ಕಡೆಗೆ?

ಉತ್ತರ: ಈ ಪ್ರಶ್ನೆ ಬರುವಾಗಲೆಲ್ಲ ‘ನಿಜಕ್ಕೂ’ ಎಂಬ ಪದವನ್ನು ಅಂಟಿಸಿಕೊಂಡೇ ಬರುತ್ತದೆ. ತಪ್ಪಿರುವುದೇ ಅಲ್ಲಿ. ಜನಾಂಗದಿಂದ ಅವರು ಜರ್ಮನ್, ಪೌರತ್ವದಿಂದ ರೊಮೇನಿಯನ್. ಎರಡೂ ನಿಜ.

ಯೊಹಾನಿಸ್ ಟ್ರಾನ್ಸಿಲ್ವೇನಿಯಾದ ಸ್ಯಾಕ್ಸನ್ನರ ಪೈಕಿ. ಟ್ರಾನ್ಸಿಲ್ವೇನಿಯಾ ಈಗ ರೊಮೇನಿಯಾದ ಭಾಗ, ಹಿಂದೆ ಹಂಗೇರಿಯದು. ಜರ್ಮನ್ ನುಡಿಯ ಈ ಜನ ಹಂಗೇರಿಯ ದೊರೆ ಕರೆದನೆಂದು 12ನೇ ಶತಮಾನದಲ್ಲಿ ಬಂದು ನೆಲೆಸಿದವರು. ಜರ್ಮನಿ ಒಂದು ರಾಷ್ಟ್ರವಾದದ್ದು 1871ರಲ್ಲಿ. ಇನ್ನೂ ಹುಟ್ಟದ ದೇಶಕ್ಕೆ ಏಳುನೂರು ವರ್ಷ ನಿಷ್ಠೆ ತೋರುವುದು ಹೇಗೆ? ಮನೆಯಲ್ಲಿ ಸ್ಯಾಕ್ಸನ್ ಆಡುನುಡಿ, ಚರ್ಚಿನ ಪೀಠದಿಂದ ಶಿಷ್ಟ ಜರ್ಮನ್, ಸಂತೆಯಲ್ಲಿ ರೊಮೇನಿಯನ್: ಒಂದೇ ದಿನದಲ್ಲಿ ಒಂದೇ ಬಾಯಿ ಮೂರನ್ನೂ ಆಡುತ್ತಿತ್ತು. ಮೊದಲ ಮಹಾಯುದ್ಧ ಮುಗಿದು ಟ್ರಾನ್ಸಿಲ್ವೇನಿಯಾ ರೊಮೇನಿಯಾಕ್ಕೆ ಸೇರುವಾಗ, 1919ರ ಜನವರಿಯಲ್ಲಿ, ಮೆಡಿಯಾಶ್ ಊರಲ್ಲಿ ಸೇರಿದ ಅವರ ಮುಖಂಡರು ರೊಮೇನಿಯಾವನ್ನೇ ಒಪ್ಪಿಕೊಂಡರು, ಜರ್ಮನ್ನರಾಗಿಯೇ ಉಳಿದರು.

ಇದನ್ನು ಕೆಡಿಸಿದ್ದು ‘ರಕ್ತವೇ ರಾಷ್ಟ್ರ’ ಎಂದವರು. 1940ರಲ್ಲಿ ಬರ್ಲಿನ್ ಕೂರಿಸಿದ ನಾಯಕ ಆಂಡ್ರಿಯಾಸ್ ಶ್ಮಿಟ್, ಸಮುದಾಯವನ್ನೇ ನಾಜಿಗಳ ಕೈಗಿತ್ತ. ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನ ಸಂಸತ್ತಿನಲ್ಲಿ ವರ್ಷಗಟ್ಟಲೆ ಈ ಜನರ ಪರವಾಗಿ ವಾದಿಸಿದ್ದ ಹಾನ್ಸ್ ಒಟ್ಟೊ ರೋಟ್ ಮೂಲೆಗುಂಪಾದರು. ಕೊನೆಗೆ ಶ್ಮಿಟ್ ಸತ್ತದ್ದು ಸೋವಿಯತ್ ಶಿಬಿರದಲ್ಲಿ, ರೋಟ್ ಸತ್ತದ್ದು 1953ರಲ್ಲಿ, ಕಮ್ಯುನಿಸ್ಟ್ ರೊಮೇನಿಯಾದ ಸೆರೆಯಲ್ಲಿ. 1945ರ ಜನವರಿಯಲ್ಲಿ ಸೋವಿಯತ್ ಒಕ್ಕೂಟ ರೊಮೇನಿಯಾದ ಸುಮಾರು 70,000 ಜರ್ಮನ್ನರನ್ನು ರೈಲಿನಲ್ಲಿ ತನ್ನ ಗಣಿಗಳಿಗೆ ಸಾಗಿಸಿತು. 17ರಿಂದ 45ರವರೆಗಿನ ಗಂಡಸರು, 18ರಿಂದ 30ರವರೆಗಿನ ಹೆಂಗಸರು. ನಾಜಿಗಳನ್ನು ಬೆಂಬಲಿಸಿದ್ದೆಯಾ ಎಂದು ಯಾರೂ ಕೇಳಲಿಲ್ಲ. ಜರ್ಮನ್ ಆಗಿದ್ದರೆ ಸಾಕಿತ್ತು. ‘ನಿಷ್ಠೆ ಯಾವ ಕಡೆಗೆ’ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ರೈಲುಗಳು.

ಇನ್ನು ಯೊಹಾನಿಸ್. 1959ರಲ್ಲಿ ಸಿಬಿಯು ನಗರದಲ್ಲಿ ಹುಟ್ಟಿದವರು, ಭೌತಶಾಸ್ತ್ರದ ಮೇಷ್ಟ್ರು. ಹೆತ್ತವರು 1992ರಲ್ಲಿ ಜರ್ಮನಿಗೆ ಹೊರಟರು, ಇವರು ಹೋಗಲಿಲ್ಲ. 2000ದಲ್ಲಿ ರೊಮೇನಿಯಾದ ಜರ್ಮನ್ನರ ರಾಜಕೀಯ ವೇದಿಕೆಯ ಅಭ್ಯರ್ಥಿಯಾಗಿ ಸಿಬಿಯುವಿನ ಮೇಯರ್ ಆದರು. ಆಗ ಆ ಊರಲ್ಲಿ ಜರ್ಮನ್ನರು ನೂರಕ್ಕೆ ಇಬ್ಬರೂ ಇರಲಿಲ್ಲ. ಗೆಲ್ಲಿಸಿದವರು ರೊಮೇನಿಯನ್ನರು. 2014ರಲ್ಲಿ ಅಧ್ಯಕ್ಷರನ್ನಾಗಿ ಆರಿಸಿದವರೂ ಅವರೇ. ಅವರಿಗಿಲ್ಲದ ಅನುಮಾನ ನಿಮಗೇಕೆ?

ಪ್ರಶ್ನೆ: ಸ್ಯಾಕ್ಸನ್ನರು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಿಂದ ಬಂದವರೇ?

ಉತ್ತರ: ಅಲ್ಲ. ಬಹುತೇಕರು ರೈನ್, ಮೊಸೆಲ್ ನದಿಗಳ ಕಡೆಯವರು. ಅವರ ಆಡುನುಡಿ ಲಕ್ಸೆಂಬರ್ಗಿನದಕ್ಕೆ ಹತ್ತಿರ.

ಪ್ರಶ್ನೆ: ಡಿಎನ್ಎ ಪರೀಕ್ಷೆಯಿಂದ ಯಾರು ಅಸಲಿ ಜರ್ಮನ್ ಎಂದು ತಿಳಿಯಬಹುದೇ?

ಉತ್ತರ: ಇಲ್ಲ. ಎಂಜಲಿನಲ್ಲಿ ಭಾಷೆ ಇರುವುದಿಲ್ಲ, ಚರ್ಚೂ ಇರುವುದಿಲ್ಲ. ತಿಳಿಯುತ್ತದೆ ಎಂದು ಹೇಳಿ ಮಾರುವವರಿಗೆ ದುಡ್ಡು ಕೊಡಬೇಡಿ.