ಐದು ನಿಮಿಷದ ಸೂಪರ್ 8 ಚಿತ್ರಕ್ಕೆ 60,000 ಸಾಕಾ?

ಪ್ರಶ್ನೆ: ಅಜ್ಜನ ಸೂಪರ್ 8 ಕ್ಯಾಮೆರಾ (8 ಮಿ.ಮೀ. ಫಿಲ್ಮ್ ಹಾಕುವ ಹಳೆಯ ಸಿನಿಮಾ ಕ್ಯಾಮೆರಾ) ಸಿಕ್ಕಿದೆ. ಗುಳೇದಗುಡ್ಡದ ಖಣ ನೇಯುವವರ ಬಗ್ಗೆ ಅದರಲ್ಲೇ ಐದು ನಿಮಿಷದ ಚಿತ್ರ ಮಾಡುವ ಆಸೆ. ಕೈಯಲ್ಲಿ 60,000 ರೂಪಾಯಿ ಇದೆ. ಸಾಕಾಗುತ್ತಾ ಸರ್?
– ಓದುಗರು, ಬಾಗಲಕೋಟೆ

ಉತ್ತರ: ಹಿಡಿತದಲ್ಲಿ ತೆಗೆದರೆ ಸಾಕಾಗುತ್ತದೆ. ಒಂದು ಕಾರ್ಟ್ರಿಜ್‌ನಲ್ಲಿ, ಅಂದರೆ ಫಿಲ್ಮ್ ಸುತ್ತಿಟ್ಟ ಡಬ್ಬಿಯಲ್ಲಿ, 50 ಅಡಿ ಫಿಲ್ಮ್ ಇರುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡಿಸಿದರೆ ಎರಡೂವರೆ ನಿಮಿಷ ಅಷ್ಟೆ. ತೆಗೆದದ್ದೆಲ್ಲ ಚಿತ್ರಕ್ಕೆ ಬರುವುದಿಲ್ಲ, ಹಾಗಾಗಿ ಐದು ನಿಮಿಷದ ಚಿತ್ರಕ್ಕೆ ಮೂರು ಪಟ್ಟು, ಅಂದರೆ 15 ನಿಮಿಷ ತೆಗೆಯಬೇಕು ಅಂದುಕೊಳ್ಳಿ. ಆರು ಕಾರ್ಟ್ರಿಜ್ ಆಯಿತು. ಪರೀಕ್ಷೆಗೆ ಇನ್ನೊಂದು. ಒಟ್ಟು ಏಳು.

ಈ ಏಳನೆಯದನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಹಳೆಯ ಕ್ಯಾಮೆರಾವನ್ನು ಪರೀಕ್ಷಿಸದೆ ನಾನೊಮ್ಮೆ ಜಾತ್ರೆಗೆ ಒಯ್ದಿದ್ದೆ. ಮೋಟರ್ ಸದ್ದು ಸರಿಯಾಗೇ ಇತ್ತು. ಆದರೆ ಬೆಳಕು ಅಳೆಯುವ ಮೀಟರ್ ಕೆಟ್ಟು ನಾಲ್ಕು ಕಾರ್ಟ್ರಿಜ್ ಪೂರ್ತಿ ಕಪ್ಪಾಗಿ ಬಂದವು. ಆ ಜಾತ್ರೆ ಮತ್ತೆ ಸಿಗಲಿಲ್ಲ. ನೀವು ಮೊದಲು ಸೆಲ್ ಹಾಕುವ ಡಬ್ಬಿ ತೆರೆದು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ರಿಪೇರಿಯವರಿಗೆ ತೋರಿಸಿ.

ಇನ್ನು ದುಡ್ಡು. ಫಿಲ್ಮ್ ಬೆಲೆ ನೋಡಿ ಲೆಕ್ಕ ಮುಗಿಸುವವರೇ ಜಾಸ್ತಿ. ಫಿಲ್ಮ್ ಜೊತೆಗೆ ಡೆವಲಪಿಂಗ್, ಸ್ಕ್ಯಾನಿಂಗ್, ಕೊರಿಯರ್ ಎಲ್ಲಾ ಸೇರಿಸಿ ಒಂದು ಕಾರ್ಟ್ರಿಜ್‌ಗೆ ಎಷ್ಟು ಬೀಳುತ್ತದೆ ಎಂದು ಲ್ಯಾಬ್‌ನಿಂದ ಬರಹದಲ್ಲೇ ಕೇಳಿ. 10,000 ಓಡಾಟಕ್ಕೆ ಎತ್ತಿಟ್ಟರೆ, ಒಂದಕ್ಕೆ 7,000ದ ಒಳಗೆ ಇರಬೇಕು. ಮೀರಿದರೆ ಸ್ಕ್ಯಾನ್ ಗುಣಮಟ್ಟ ಇಳಿಸಬೇಡಿ, ಚಿತ್ರವನ್ನೇ ನಾಲ್ಕು ನಿಮಿಷಕ್ಕೆ ಇಳಿಸಿ. ಆಗ ಪರೀಕ್ಷೆಯದೂ ಸೇರಿ ಆರು ಸಾಕು. ಎತ್ತಿಟ್ಟ ಹಣದಲ್ಲಿ ನೇಕಾರರ ಪಾಲೂ ಇರಲಿ. ನಿಮಗಾಗಿ ಮಗ್ಗ ನಿಲ್ಲಿಸಿದ ಹೊತ್ತಿನ ಕೂಲಿ ಕೊಡಬೇಕಲ್ವಾ?

ಕಪ್ಪು-ಬಿಳುಪು ಫಿಲ್ಮ್ ತೊಳೆಯುವುದು ಸುಲಭ ಅಂತ ಕೆಲವರು ಹೇಳಬಹುದು. ಆದರೆ ಖಣದ ಬಣ್ಣವೇ ಕಾಣದಿದ್ದರೆ ಏನು ಚೆಂದ? ಬಣ್ಣದ್ದೇ ತಗೊಳ್ಳಿ. ಮಗ್ಗದ ಮನೆಯೊಳಗೆ ಬೆಳಕು ಕಡಿಮೆ, ಅಲ್ಲಿಗೆ ಮಂದ ಬೆಳಕಿಗೂ ಆಗುವ 500ಟಿ ಎಂಬ ಫಿಲ್ಮ್ ಬೇಕು. ಹೊರಗಿನ ಬಿಸಿಲಿಗೆ 50ಡಿ ಎಂಬ ಫಿಲ್ಮ್.

ಮಗ್ಗದ ಕೆಲಸದಲ್ಲಿ ಒಂದು ಅನುಕೂಲ ಇದೆ. ಲಾಳಿ ಒಂದೇ ಲಯದಲ್ಲಿ ಓಡುತ್ತಿರುತ್ತದೆ. ಒಂದು ಗಂಟೆ ಸುಮ್ನೆ ಕೂತು ನೋಡಿ, ಎಲ್ಲಿಂದ ತೆಗೆಯಬೇಕೆಂದು ಕಣ್ಣಲ್ಲೇ ತೀರ್ಮಾನಿಸಿ. 10 ಸೆಕೆಂಡಿನ ಶಾಟ್ ಆದರೆ ಒಂದು ಕಾರ್ಟ್ರಿಜ್‌ಗೆ 15 ಬರುತ್ತವೆ.

ಈ ಫಿಲ್ಮ್‌ನಲ್ಲಿ ಶಬ್ದ ದಾಖಲಾಗುವುದಿಲ್ಲ. ಮಗ್ಗದ ಸದ್ದನ್ನು ಮೊಬೈಲಿನಲ್ಲಿ ಬೇರೆಯಾಗಿ ಹಿಡಿಯಿರಿ, ಎಷ್ಟು ಹೊತ್ತು ಬೇಕಾದರೂ. ಅದಕ್ಕೆ ಖರ್ಚಿಲ್ಲ.